ಮಾತಂಗಿಯ ಕೈಗೆ ಕತ್ತಿ ಕೊಟ್ಟವರು ಯಾರು?

ಕುಮಾರರಾಮನ ಹೆಸರು ಕೇಳದವರು ನಮ್ಮ ಸೀಮೆಯಲ್ಲಿ ಕಮ್ಮಿ. ಕೂಡ್ಲಿಗಿ ದಾಟಿ ಸಂಡೂರಿನ ಗುಡ್ಡಗಳಿಗೆ ಹೋದರೆ ಕಂಪಿಲರಾಯನದೆನ್ನುವ ಹೊಸಮಲೆದುರ್ಗ ಐತಿ. ತುಂಗಭದ್ರೆ ದಾಟಿದರೆ ಗಂಗಾವತಿ ಸೀಮೆಯಲ್ಲಿ ಕುಮ್ಮಟದುರ್ಗ. ಸತ್ತು ಏಳುನೂರು ವರ್ಷವಾಗುತ್ತಾ ಬಂದರೂ ಆ ಅರಸುಮಗ ಹಾಡಿನಲ್ಲಿ, ಬಯಲಾಟದಲ್ಲಿ, ಮರದ ತಲೆಯಾಗಿ ಪೂಜೆಯಲ್ಲಿ ಉಳಿದಿದ್ದಾನೆ. 2006ರಲ್ಲಿ ಸಿನಿಮಾ ಕೂಡ ಆದ. ಅವನ ಬಿರುದು ಪರನಾರಿ ಸಹೋದರ. ಈ ಬಿರುದಿಗೆ ಬೆಲೆ ತೆತ್ತವರು ಯಾರು ಅಂತ ಕೇಳಿದವರು ಮಾತ್ರ ಇನ್ನೂ ಕಮ್ಮಿ.

ಕಥೆ ಹೀಗೆ. ಮುಪ್ಪಿನ ಕಂಪಿಲರಾಯನಿಗೆ ರತ್ನಾಜಿ ಎಂಬ ಕಿರಿಯ ಹೆಂಡತಿ. ಒಂದು ದಿನ ರಾಮ ಚೆಂಡಾಟ ಆಡುವಾಗ ಚೆಂಡು ಅವಳ ಅರಮನೆಗೆ ಬಿತ್ತು. ತರಲು ಹೋದವನ ಮೇಲೆ ಅವಳು ಮನಸ್ಸು ಮಾಡಿದಳು. ಅವನು ಒಲ್ಲೆನೆಂದ. ಅವಳು ಗಂಡನ ಮುಂದೆ ದೂರು ಹೇಳಿದಳು. ಮಗನನ್ನು ಒಂದು ಮಾತೂ ಕೇಳದೆ ಅಪ್ಪ ತಲೆ ಹೊಡೆಯಲು ಅಪ್ಪಣೆ ಕೊಟ್ಟ. ಮಂತ್ರಿ ಬೈಚಪ್ಪ ಜಾಣ. ರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟು, ಅವನನ್ನು ಹೋಲುವ ತಲೆ ತೋರಿಸಿದ. ರಾಮ ಸತ್ತನೆಂದು ತಿಳಿದು ದಿಲ್ಲಿಯ ದಂಡು ಏರಿಬಂದಾಗ ಬಚ್ಚಿಟ್ಟವನು ಹೊರಗೆ ಬಂದು ಹೊಡೆದೋಡಿಸಿದ. ಸುದ್ದಿ ಕೇಳಿ ರತ್ನಾಜಿ ಪ್ರಾಣ ಕಳಕೊಂಡಳು. ಕೊನೆಗೆ ಸುಲ್ತಾನ ಮಾತಂಗಿ ಎಂಬ ಹೆಣ್ಣಿನ ಕೈಯಲ್ಲಿ ದಂಡು ಕೊಟ್ಟು ಕಳಿಸಿದ. ಹೆಣ್ಣಿನ ಮೇಲೆ ಕತ್ತಿ ಎತ್ತಬಾರದೆಂಬ ವ್ರತದವನು ರಾಮ. ಹಾಗಾಗಿ ಮಡಿದ.

ಕೇಳುವವರ ಕಣ್ಣಲ್ಲಿ ನೀರು ಬರಿಸುವ ಕಥೆ ಇದು. ಆ ನೀರು ಒರೆಸಿಕೊಂಡು ಒಂದೆರಡು ಪ್ರಶ್ನೆ ಕೇಳೋಣ. ಬೈಚಪ್ಪ ತೋರಿಸಿದ ತಲೆ ಯಾರದು? ಅದು ನಿಜವಾದ ಮನುಷ್ಯನ ತಲೆಯೇ ಆಗಿದ್ದರೆ ಅವನಿಗೂ ಒಬ್ಬ ತಾಯಿ ಇದ್ದಿರಬೇಕು. ಅರಸನ ಮನೆತನದ ಮಾನ ಉಳಿಸಲು ಕತ್ತು ಕೊಟ್ಟವನಿಗೆ ಯಾವ ಊರಲ್ಲೂ ಗುಡಿ ಕಟ್ಟಿಲ್ಲ. ಮುದಿ ಗಂಡನ ಪಕ್ಕದಲ್ಲಿ ಕೂರಿಸುವಾಗ ರತ್ನಾಜಿಯ ಇಷ್ಟ ಏನು ಅಂತ ಯಾರಾದರೂ ಕೇಳಿದರೇ? ಅವಳು ಸುಳ್ಳು ದೂರು ಹೇಳಿದ್ದು ತಪ್ಪು, ಒಪ್ಪೋಣ. ವಿಚಾರಣೆಯಿಲ್ಲದೆ ಮಗನ ತಲೆ ಕೇಳಿದ ಅರಸನದು ಏನು?

ಚರಿತ್ರೆ ಬೇರೆ ಮಾತು ಹೇಳುತ್ತದೆ. ಮಹಮದ್ ಬಿನ್ ತುಘಲಕನ ಸೋದರತ್ತೆಯ ಮಗ ಬಹಾವುದ್ದೀನ್ ಗುರ್ಶಾಸ್ಪ್, ಕಲಬುರ್ಗಿ ಸೀಮೆಯ ಸಗರದಲ್ಲಿ ಅಧಿಕಾರಿಯಾಗಿದ್ದವನು, ದಂಗೆ ಎದ್ದು ಸೋತು ಕಂಪಿಲಿಗೆ ಓಡಿಬಂದ. ಕಂಪಿಲರಾಯ ಆಶ್ರಯ ಕೊಟ್ಟ. ಬೆನ್ನಟ್ಟಿ ಬಂದ ದಿಲ್ಲಿಯ ದಂಡು 1327ರ ಹೊತ್ತಿಗೆ ಕಂಪಿಲಿ ರಾಜ್ಯವನ್ನು ಮುಗಿಸಿತು. ಆಶ್ರಯ ಬೇಡಿ ಬಂದವನನ್ನು ರಾಯ ಮೊದಲೇ ಹೊಯ್ಸಳ ಬಲ್ಲಾಳನ ಬಳಿ ಕಳಿಸಿದ್ದ. ಬಲ್ಲಾಳ ಅವನನ್ನು ಹಿಡಿದು ಸುಲ್ತಾನನಿಗೆ ಒಪ್ಪಿಸಿದ. 1334ರಲ್ಲಿ ದಿಲ್ಲಿಗೆ ಬಂದ ಪ್ರವಾಸಿ ಇಬ್ನ್ ಬತೂತ ಇದನ್ನೆಲ್ಲ ಬರೆದಿದ್ದಾನೆ. ಸೋಲು ಖಚಿತವಾದಾಗ ರಾಯನ ಹೆಂಡಿರು ಮಕ್ಕಳು, ಮಂತ್ರಿ ಸರದಾರರ ಮನೆಯ ಹೆಂಗಸರು ಮಿಂದು, ಗಂಧ ಹಚ್ಚಿಕೊಂಡು, ಬೆಂಕಿಗೆ ಬಿದ್ದರು. ರಾಯ ಹೋರಾಡಿ ಸತ್ತ. ಅವನ ಹನ್ನೊಂದು ಗಂಡುಮಕ್ಕಳು ಸೆರೆಸಿಕ್ಕು, ದಿಲ್ಲಿಗೆ ಹೋಗಿ, ಇಸ್ಲಾಂ ಸ್ವೀಕರಿಸಿ, ಸುಲ್ತಾನನ ಆಸ್ಥಾನದಲ್ಲಿ ಗೌರವದಿಂದ ಬಾಳಿದರು. ಅವರಲ್ಲಿ ಮೂವರನ್ನು ಇಬ್ನ್ ಬತೂತ ಕಣ್ಣಾರೆ ಕಂಡ.

ಇಲ್ಲಿ ನಿಂತು ನೋಡಬೇಕು ಗೆಳೆಯರೇ. ಮಾನದ ಹೆಸರಿನಲ್ಲಿ ಬೂದಿಯಾದವರು ಹೆಣ್ಣುಮಕ್ಕಳು. ಅದೇ ಮನೆತನದ ಗಂಡುಮಕ್ಕಳಿಗೆ ಹೊಸ ಹೆಸರು, ಹೊಸ ಪದವಿ ಸಿಕ್ಕಿತು. ಬದುಕಿದ್ದು ತಪ್ಪಲ್ಲ, ಧರ್ಮ ಬದಲಿಸಿದ್ದೂ ತಪ್ಪಲ್ಲ. ಆದರೆ ಬದುಕುವ ಆ ದಾರಿ ಹೆಂಗಸರಿಗೆ ಯಾಕೆ ಇರಲಿಲ್ಲ? ಆ ಪ್ರವಾಸಿಯ ಬರಹದಲ್ಲಿ ಚೆಂಡಾಟವಿಲ್ಲ, ರತ್ನಾಜಿಯಿಲ್ಲ, ಮಾತಂಗಿಯೂ ಇಲ್ಲ. ರಾಜ್ಯ ಹೋದದ್ದು ರಾಜಕಾರಣದಿಂದ.

ಹಾಗಾದರೆ ಮಾತಂಗಿ ಎಲ್ಲಿಂದ ಬಂದಳು? ಸುಮಾರು ಇನ್ನೂರು ವರ್ಷದ ಮೇಲೆ ನಂಜುಂಡನಂಥ ಕವಿಗಳು ಸಾಂಗತ್ಯದಲ್ಲಿ ಈ ಕಥೆ ಬರೆಯುವ ಹೊತ್ತಿಗೆ ಇವರೆಲ್ಲ ಕಥೆಯೊಳಗೆ ಸೇರಿದ್ದರು. ಹೆಸರೇ ಜಾತಿ ಹೇಳುತ್ತದೆ. ಮಾತಂಗ ಅಂದರೆ ಮಾದಿಗ. ವೀರನನ್ನು ಗಂಡಸರ ಕೈಯಲ್ಲಿ ಸೋಲಿಸಿದರೆ ವೀರತನಕ್ಕೆ ಕುಂದು. ಕುಲದ ಹೆಣ್ಣಿನ ಕೈಯಲ್ಲಿ ಕೊಲ್ಲಿಸಿದರೆ ಕುಲಕ್ಕೆ ಕುಂದು. ಕೇರಿಯ ಹೆಣ್ಣಾದರೆ ಯಾರಿಗೂ ನಷ್ಟವಿಲ್ಲ. ಹೀಗೆ ಒಂದು ರಾಜ್ಯ ಮುಳುಗಿದ ಪಾಪವನ್ನು ಇಬ್ಬರು ಹೆಂಗಸರ ತಲೆಗೆ ಕಟ್ಟಿದರು: ಒಬ್ಬಳು ಆಸೆಪಟ್ಟವಳು, ಇನ್ನೊಬ್ಬಳು ಹೊಲಗೇರಿಯವಳು. ರಾಮ ಮಾತ್ರ ಕಳಂಕವಿಲ್ಲದೆ ದೇವರಾದ.

ಒಂದು ಮಾತನ್ನು ಮರೆಯಬಾರದು. ಇಡೀ ಕಥೆಯಲ್ಲಿ ಯಾರ ಹೆಂಡತಿಯೂ ಆಗದೆ, ಯಾರ ಅಪ್ಪಣೆಗೂ ಬೆಂಕಿಗೆ ಬೀಳದೆ, ಕುದುರೆ ಏರಿ ದಂಡು ನಡೆಸಿದವಳು ಮಾತಂಗಿ ಒಬ್ಬಳೇ. ಕಟ್ಟಿದ ಕಥೆಯಾದರೂ, ಕೇರಿಯ ಹೆಣ್ಣಿನ ತೋಳಿನಲ್ಲಿ ಅಂಥ ಕಸುವು ಐತಿ ಅಂತ ಮೇಲಿನವರಿಗೂ ಗೊತ್ತಿತ್ತು. ಭಯವಿಲ್ಲದೆ ಇಂಥ ಕಥೆ ಹುಟ್ಟುವುದಿಲ್ಲ.

ಆ ಭಯಕ್ಕೆ ಅವರು ಕಂಡುಕೊಂಡ ಮದ್ದು ಏನು? ಅದನ್ನು ನೋಡಲು ದಿಲ್ಲಿಗೆ ಹೋಗಬೇಕಿಲ್ಲ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗಕ್ಕೆ ಭರತ ಹುಣ್ಣಿಮೆಗೆ ಹೋದವರಿಗೆ ಗೊತ್ತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಯ ಕೇರಿಗಳಿಂದ ಎಷ್ಟು ಎಳೆಯ ಹುಡುಗಿಯರ ಕೊರಳಿಗೆ ದೇವಿಯ ಹೆಸರಲ್ಲಿ ಮುತ್ತು ಕಟ್ಟಲಿಲ್ಲ! ಗಂಡು ಸಂತಾನ ಇಲ್ಲದ ಮನೆಯಲ್ಲಿ ಮಗಳನ್ನು ಬಸವಿ ಬಿಟ್ಟರು. ಹಗಲು ಮುಟ್ಟಿಸಿಕೊಳ್ಳದವರು ರಾತ್ರಿ ಅವಳ ಬಾಗಿಲಿಗೆ ಬಂದರು. ಅವಳ ಒಪ್ಪಿಗೆ ಕೇಳುವ ರೂಢಿಯೇ ಇರಲಿಲ್ಲ. ಅವಳು ಒಲ್ಲೆ ಅಂದರೆ ರಾಮನ ಒಲ್ಲೆಯಂತೆ ಅದನ್ನು ಯಾರೂ ಹಾಡು ಕಟ್ಟಿ ಹಾಡಲಿಲ್ಲ. ಹುಟ್ಟಿದ ಮಗುವಿನ ಅಪ್ಪ ಯಾರೆಂಬುದು ಊರಿಗೆಲ್ಲ ಗೊತ್ತಿದ್ದ ಗುಟ್ಟು. ಆ ಗುಟ್ಟು ಕಾಯ್ದದ್ದು ದೊಡ್ಡ ಮನೆಯ ಮಾನಕ್ಕಾಗಿ.

ಈ ಸೀಮೆ ಮದರಾಸು ಪ್ರಾಂತಕ್ಕೆ ಸೇರಿದ್ದಾಗಲೇ, 1947ರಲ್ಲಿ, ದೇವದಾಸಿ ಬಿಡುವುದನ್ನು ತಡೆಯುವ ಕಾನೂನು ಬಂತು. 1982ರಲ್ಲಿ ಕರ್ನಾಟಕದ ಕಾನೂನು ಬಂತು. ಆಮೇಲೂ ಸರ್ಕಾರವೇ 1993-94ರಲ್ಲಿ ಮತ್ತು 2007-08ರಲ್ಲಿ ಮಾಡಿದ ಎರಡು ಸಮೀಕ್ಷೆಯಲ್ಲಿ ರಾಜ್ಯದಲ್ಲಿ ಒಟ್ಟು 46,660 ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು. 2025ರಲ್ಲಿ ವಿಧಾನಮಂಡಲ ಅಂಗೀಕರಿಸಿದ ಹೊಸ ಮಸೂದೆಯಲ್ಲಿ, ದೇವದಾಸಿಯರ ಮಕ್ಕಳು ಅರ್ಜಿಯಲ್ಲಿ ಅಪ್ಪನ ಹೆಸರು ಬರೆಯಲೇಬೇಕೆಂಬ ಒತ್ತಾಯ ತೆಗೆದಿದ್ದಾರೆ. ಅಪ್ಪನನ್ನು ಗುರುತಿಸಿ ಆಸ್ತಿಯ ಹಕ್ಕು ಕೇಳುವ ದಾರಿಯೂ ಐತಿ. ಊರ ಗುಟ್ಟು ಕಚೇರಿಯ ಕಾಗದಕ್ಕೆ ಬರುವ ಕಾಲ. ಯಾರ ಎದೆ ಡವಡವ ಅನ್ನುತ್ತದೋ ನೋಡೋಣ.

ಕೊಟ್ಟೂರಿನ ಗುರು ಬಸವೇಶ್ವರನ ಜಾತ್ರೆಯಲ್ಲಿ ದಲಿತ ಹೆಣ್ಣುಮಗಳು ಆರತಿ ಬೆಳಗಿದ ಮೇಲೆಯೇ ತೇರಿನ ಕೆಲಸ ಮುಂದೆ ಸಾಗುತ್ತದೆ. ಒಳ್ಳೆಯದೇ. ಆದರೆ ತೇರು ನಿಂತ ಮರುದಿನ ಆ ತಾಯಿಗೆ ಯಾವ ಬಾಗಿಲು ತೆರೆದಿರುತ್ತದೆ, ಯಾವ ಬಾವಿಯ ನೀರು ಸಿಗುತ್ತದೆ ಅಂತಲೂ ಕೇಳಬೇಕಲ್ಲ.

ಕುಮಾರರಾಮನ ಆಟ ಮುಂದೆಯೂ ಆಡಲಿ. ನಮಗೇನೂ ತಕರಾರಿಲ್ಲ. ಮುಂದಿನ ಸಲ ಮಾತಂಗಿಯ ವೇಷ ರಂಗಕ್ಕೆ ಬಂದಾಗ ಭಾಗವತ ಒಂದು ಗಳಿಗೆ ತಾಳ ನಿಲ್ಲಿಸಲಿ. ಆಕೆಯ ಅಪ್ಪ ಅವ್ವ ಯಾರು, ಯಾವ ಊರು, ಈ ದಂಡಿಗೆ ಯಾಕೆ ಬಂದಳು ಅಂತ ಆಕೆಯನ್ನೇ ಕೇಳಲಿ. ಉತ್ತರ ಬರೆಯುವವರು ನಮ್ಮ ಕೇರಿಯಲ್ಲಿ ಈಗ ಇದ್ದಾರೆ.