ಕೆಂಪಕ್ಷರ, ಕನ್ನಡದಕ್ಷರ

ಗೋರೆಗಾಂವ್‌ನ ಮನೆಯಲ್ಲಿ ಕೂತು ಮಗಳಿಗೆಂದು ಒಂದು ಸಣ್ಣ ಪ್ರೋಗ್ರಾಂ ಬರೆಯುತ್ತಿದ್ದೆ. ಅವಳು ಕನ್ನಡ ಮಾತಾಡುತ್ತಾಳೆ. ಆದರೆ ಓದಲು ಬರುವುದು ಶಾಲೆಯಲ್ಲಿ ಕಲಿತ ದೇವನಾಗರಿ. ಟರ್ಮಿನಲ್‌ನ ಕಪ್ಪು ಪರದೆಯ ಮೇಲೆ ದಿನಕ್ಕೊಂದು ಕನ್ನಡ ಪದ ಕೆಂಪಕ್ಷರದಲ್ಲಿ ಮೂಡಬೇಕು, ಅಷ್ಟೇ.

ಕೆಂಪು ಬರಿಸುವುದು ಸುಲಭ. ಪದಕ್ಕೆ ಮೊದಲು 27ನೇ ಸಂಖ್ಯೆಯ ಎಸ್ಕೇಪ್ ಅಕ್ಷರ, ಒಂದು ಚೌಕ ಆವರಣ, 31, ಕೊನೆಗೆ ಸಣ್ಣ ‘ಎಂ’. ಪದ ಮುಗಿದ ಮೇಲೆ 31ರ ಜಾಗದಲ್ಲಿ 0 ಹಾಕಿ ಮತ್ತೆ ಕಳಿಸಬೇಕು. ಮರೆತರೆ ಮುಂದಿನದೆಲ್ಲ ಕೆಂಪೇ. ಈ ಪದ್ಧತಿಯನ್ನು ಹರಡಿದ್ದು 1978ರ ಡಿಇಸಿ ಕಂಪನಿಯ ವಿಟಿ100 ಟರ್ಮಿನಲ್. ತಮಾಷೆಯೆಂದರೆ ಅದಕ್ಕೆ ಬಣ್ಣವೇ ಇರಲಿಲ್ಲ. ದಪ್ಪಕ್ಷರ, ಅಡಿಗೆರೆ, ಮಿನುಗು, ಬೆಳಕು-ಕತ್ತಲೆ ಅದಲುಬದಲು, ಇಷ್ಟೇ.

ಅಕ್ಷರದ ನಡುವೆ ಆಜ್ಞೆ ಸೇರಿಸುವ ಈ ಉಪಾಯ ನಮ್ಮಲ್ಲಿ ಇನ್ನೂ ದೂರ ಹೋಯಿತು. 1991ರಲ್ಲಿ ಐಎಸ್ 13194 ಎಂದು ಬಂದ ‘ಇಸ್ಕಿ’ ಮಾನಕದಲ್ಲಿ ಕನ್ನಡ, ದೇವನಾಗರಿ, ತೆಲುಗು, ಬಂಗಾಳಿ ಎಲ್ಲಕ್ಕೂ ಒಂದೇ ಕೋಷ್ಟಕ. ‘ಕ’ ಎಲ್ಲಿದ್ದರೂ ಬಿ3. ಅದನ್ನು ಹೇಗೆ ತೋರಿಸಬೇಕೆಂದು ಹೇಳಲು ಇಎಫ್ ಎಂಬ ಬೈಟ್, ಅದರ ಬೆನ್ನಿಗೆ ಇನ್ನೊಂದು: 30 ಎಂದರೆ ದಪ್ಪ, 31 ಓರೆ, 42 ದೇವನಾಗರಿ, 48 ಕನ್ನಡ. ಎಲ್ಲವೂ ಹೆಕ್ಸ್ ಸಂಖ್ಯೆಗಳು. ಪುಣೆಯ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಹಾಕಿದ ಪಿಸಿಗಳ ಡಾಸ್ ಪರದೆಯಲ್ಲಿ ಕನ್ನಡ ಮೂಡಿದ್ದು ಇಸ್ಕಿಯಿಂದಲೇ.

ಅಂದರೆ ಕನ್ನಡವೂ ದಪ್ಪ, ಓರೆಗಳ ಸಾಲಿನಲ್ಲಿ ಒಂದು ಅಲಂಕಾರ! ಮೊದಲು ಓದಿದಾಗ ನನಗೆ ಸಿಟ್ಟೇ ಬಂತು. ಆಮೇಲೆ ಮಗಳ ನೆನಪಾಯಿತು. ಒಂದೇ ಒಂದು ಬೈಟ್ ಬದಲಿಸಿದರೆ ಅದೇ ಕನ್ನಡ ಪದ ಅವಳಿಗೆ ಗೊತ್ತಿರುವ ಲಿಪಿಯಲ್ಲಿ ಬರುತ್ತಿತ್ತಲ್ಲ.

ಅದೇ 1991ರಲ್ಲಿ ಬಂದ ಯುನಿಕೋಡ್ ಪ್ರತಿ ಲಿಪಿಗೂ ಬೇರೆ ಮನೆ ಕೊಟ್ಟಿತು, ದಪ್ಪ-ಓರೆಗಳನ್ನು ಹೊರಗಿಟ್ಟಿತು. ಆದರೆ ಮನೆಯೊಳಗಿನ ಜೋಡಣೆ 1988ರ ಇಸ್ಕಿಯದೇ. ಹಾಗಾಗಿ ಕನ್ನಡ ‘ಕ’ದ ಸಂಖ್ಯೆಯಿಂದ 896 ಕಳೆದರೆ ದೇವನಾಗರಿ ‘ಕ’ ಸಿಗುತ್ತದೆ. ‘ಳ’ಕ್ಕೂ ಅದೇ ಲೆಕ್ಕ.

ಈಗ ನನ್ನ ಪ್ರೋಗ್ರಾಂ ಎರಡು ಸಾಲು ಮುದ್ರಿಸುತ್ತದೆ: ಮೇಲೆ ಕೆಂಪಿನಲ್ಲಿ ಕನ್ನಡ, ಕೆಳಗೆ 896 ಕಳೆದು ಹಸಿರಿನಲ್ಲಿ ದೇವನಾಗರಿ. ಮೊನ್ನೆ ‘ಎಲೆ’ ಬಂತು. ಮರಾಠಿ ಕಲಿಯುವವರಿಗೆ ಹ್ರಸ್ವ ‘ಎ’ ಎಂಬ ಅಕ್ಷರವೇ ಇಲ್ಲ. ಹಸಿರು ಸಾಲಿನಲ್ಲಿ ಅವಳು ಎಂದೂ ಕಾಣದ ಒಂದು ಆಕಾರ.

“ಅಪ್ಪಾ, ಇದೇನು?” ಅಂದಳು. ಮೇಲಿನ ಕೆಂಪು ಸಾಲಿಗೆ ಬೆರಳಿಟ್ಟು ತೋರಿಸಿದೆ.