ಅತ್ಯಮೂಲ್ಯ ಆಟಗಾರ ಯಾರು?

ಶ್ರೇಷ್ಠನು ಒಬ್ಬ, ತಂಡಕ್ಕೆ ಹೆಚ್ಚು ಒದಗಿಬಂದವನು ಮತ್ತೊಬ್ಬ ಎಂದಾದಾಗ ಬಹುಮಾನ ಯಾರಿಗೆ ಸಲ್ಲಬೇಕು? ಶಾಲಾ ವಾರ್ಷಿಕೋತ್ಸವಕ್ಕೆ ಮುನ್ನ ಉಪಾಧ್ಯಾಯರ ಕೊಠಡಿಯಲ್ಲಿ ಏಳುತ್ತಿದ್ದ ಈ ಪ್ರಶ್ನೆಗೆ ಅಮೆರಿಕದ ಬೇಸ್‌ಬಾಲ್ ಚರಿತ್ರೆಯಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ. ಆ ದೇಶದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ಇದನ್ನು ಬಲ್ಲರು; ಕ್ರಿಕೆಟ್ ಮಾತ್ರ ಬಲ್ಲ ಉಳಿದವರಿಗಾಗಿ ಈ ಬರಹ.

ಅಲ್ಲಿನ ಅಮೆರಿಕನ್ ಲೀಗ್ ಮತ್ತು ನ್ಯಾಷನಲ್ ಲೀಗ್‌ಗಳಲ್ಲಿ ಪ್ರತಿವರ್ಷ ಒಬ್ಬೊಬ್ಬ ‘ಅತ್ಯಮೂಲ್ಯ ಆಟಗಾರ’ನನ್ನು ಆರಿಸುತ್ತಾರೆ. 1931ರಿಂದ ಈ ಹೊಣೆ ಬೇಸ್‌ಬಾಲ್ ಬರಹಗಾರರ ಸಂಘದ್ದು. ಮತ ನೀಡುವ ಪತ್ರಕರ್ತರು ಹತ್ತು ಹೆಸರುಗಳನ್ನು ಕ್ರಮವಾಗಿ ಬರೆಯಬೇಕು. ಮೊದಲ ಹೆಸರಿಗೆ 14 ಅಂಕ, ಎರಡನೆಯದಕ್ಕೆ 9, ಹೀಗೆ ಇಳಿಯುತ್ತ ಹತ್ತನೆಯದಕ್ಕೆ 1. ಆದರೆ ‘ಅಮೂಲ್ಯ’ವೆಂದರೇನು ಎಂಬುದನ್ನು ಮಾತ್ರ ಮತದಾರರ ವಿವೇಚನೆಗೇ ಬಿಡಲಾಗಿದೆ.

1941ರಲ್ಲಿ ಬಾಸ್ಟನ್ ರೆಡ್ ಸಾಕ್ಸ್ ತಂಡದ ಟೆಡ್ ವಿಲಿಯಮ್ಸ್ .406 ಸರಾಸರಿ ಗಳಿಸಿದನು. ಸಾವಿರ ಅವಕಾಶಗಳಿಗೆ 406 ಯಶಸ್ವಿ ಹೊಡೆತಗಳೆಂದು ಇದರ ಅರ್ಥ. 300 ದಾಟಿದವನೇ ಅಲ್ಲಿ ಉತ್ತಮ ದಾಂಡಿಗ. ಸೆಪ್ಟೆಂಬರ್ 28, ಋತುವಿನ ಕೊನೆಯ ದಿನ, ಅವನ ಸರಾಸರಿ .39955 ಇತ್ತು. ಆಡದೆ ಕುಳಿತಿದ್ದರೆ .400 ಎಂದೇ ದಾಖಲಾಗುತ್ತಿತ್ತು. ಆತ ಅಂದಿನ ಎರಡೂ ಪಂದ್ಯಗಳನ್ನಾಡಿ 8 ಅವಕಾಶಗಳಲ್ಲಿ 6 ಬಾರಿ ಯಶಸ್ವಿಯಾದನು. ಈ ಎರಡು ಲೀಗ್‌ಗಳಲ್ಲಿ ಅನಂತರ ಯಾರೂ ಋತುವಿನ ಸರಾಸರಿಯಲ್ಲಿ .400 ಮುಟ್ಟಿಲ್ಲ.

ಅದೇ ವರ್ಷ ನ್ಯೂಯಾರ್ಕ್ ಯಾಂಕೀಸ್ ತಂಡದ ಜೋ ಡಿಮಾಜಿಯೊ ಮೇ 15ರಿಂದ ಜುಲೈ 16ರವರೆಗೆ ಸತತ 56 ಪಂದ್ಯಗಳಲ್ಲಿ ಒಂದಾದರೂ ಯಶಸ್ವಿ ಹೊಡೆತ ಬಾರಿಸಿದನು. ಆ ದಾಖಲೆಯೂ ಇಂದಿಗೂ ಅಳಿದಿಲ್ಲ. ಅವನ ಸರಾಸರಿ .357, ಆದರೆ ಯಾಂಕೀಸ್ 17 ಪಂದ್ಯಗಳ ಅಂತರದಿಂದ ಲೀಗ್ ಗೆದ್ದಿತು, ರೆಡ್ ಸಾಕ್ಸ್ ಎರಡನೆಯದಾಯಿತು. ಪ್ರಶಸ್ತಿ 291–254 ಅಂಕಗಳಿಂದ ಡಿಮಾಜಿಯೊಗೆ ಸಂದಿತು.

ಬ್ಯಾಟಿನ ಲೆಕ್ಕದಲ್ಲಿ ವಿಲಿಯಮ್ಸನೇ ಮೇಲು. ಆದರೂ ಈ ತೀರ್ಪನ್ನು ಅನ್ಯಾಯವೆನ್ನಲಾರೆ. ಡಿಮಾಜಿಯೊ ಕ್ಷೇತ್ರರಕ್ಷಣೆಯಲ್ಲಿಯೂ ನಿಪುಣ. ತಂಡದ ಗೆಲುವಿಗೆ ಬೆಲೆ ಕಟ್ಟುವವರು ಅವನನ್ನು ಆರಿಸಿದ್ದು ಸಹಜ.

1947ರ ಕಥೆ ಬೇರೆ. ಆಗಲೂ ಯಾಂಕೀಸ್ ಮೊದಲು, ರೆಡ್ ಸಾಕ್ಸ್ ಮೂರನೆಯದು. ವಿಲಿಯಮ್ಸ್ ಸರಾಸರಿಯಲ್ಲಿ (.343), ಹೋಮ್ ರನ್‌ಗಳಲ್ಲಿ (32), ತನ್ನ ಆಟದಿಂದ ತಂಡಕ್ಕೆ ದೊರಕಿಸಿದ ರನ್‌ಗಳಲ್ಲಿ (114) ಲೀಗಿಗೇ ಮೊದಲಿಗ. ಡಿಮಾಜಿಯೊನ ಅಂಕಿಗಳು .315, 20, 97. ಆದರೂ 202–201ರಿಂದ ಗೆದ್ದವನು ಡಿಮಾಜಿಯೊ! ಒಬ್ಬ ಮತದಾರ ತನ್ನ ಹತ್ತು ಹೆಸರುಗಳಲ್ಲಿ ವಿಲಿಯಮ್ಸನನ್ನು ಸೇರಿಸಿಯೇ ಇರಲಿಲ್ಲ. ಒಂಬತ್ತನೆಯ ಸ್ಥಾನ ಕೊಟ್ಟಿದ್ದರೂ 2 ಅಂಕ ಸೇರಿ ಫಲಿತಾಂಶ ತಿರುಗುತ್ತಿತ್ತು.

ಇಲ್ಲಿ ನನ್ನ ಆಕ್ಷೇಪವಿದೆ. ಇಬ್ಬರಲ್ಲಿ ಯಾರು ಮೊದಲು ಎಂಬುದು ಅಭಿಪ್ರಾಯಭೇದ. ಮೂರು ವಿಭಾಗಗಳಲ್ಲಿ ಮೊದಲಿಗನಾದವನು ಹತ್ತರಲ್ಲಿಯೂ ಒಬ್ಬನಲ್ಲವೆಂದರೆ, ಕಾರಣವೇನೇ ಇರಲಿ, ಅದು ಉತ್ತರಪತ್ರಿಕೆಯನ್ನು ತೆರೆಯದೆಯೇ ಸೊನ್ನೆ ಹಾಕಿದಂತೆ. ವಿಲಿಯಮ್ಸ್‌ಗೆ 1946 ಮತ್ತು 1949ರಲ್ಲಿ ಈ ಪ್ರಶಸ್ತಿ ಬಂತು. ಆದರೆ ಬೇರೆ ವರ್ಷದ ಬಹುಮಾನ ಆ ವರ್ಷದ ಲೋಪವನ್ನು ತುಂಬಲಾರದು.

1941ಕ್ಕೆ ನಿಮ್ಮ ಮತ ಯಾರಿಗೆ? ಕಾರಣಸಹಿತ ಉತ್ತರಿಸಿ!