ಕಾಂಡ್ಲಾ ನೆಟ್ಟ ಮಾತ್ರಕ್ಕೆ ಅಳಿವೆ ಉಳಿಯುತ್ತಾ?

ಕೆಸರಲ್ಲಿ ಸಾಲಾಗಿ ಕಾಂಡ್ಲಾ ನೆಟ್ಟ ಫೋಟೊ ನೋಡಿದಾಗಲೆಲ್ಲ ನನಗೆ ಬರುವ ಪ್ರಶ್ನೆ ಒಂದೇ: ನೆಡುವ ಮೊದಲು ಆ ಜಾಗದಲ್ಲಿ ಏನಿತ್ತು?

ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯನ್ನೇ ನೋಡಿ. 2024ರ ಜನವರಿಯಲ್ಲಿ ಇದು ರಾಮ್ಸಾರ್ ಪಟ್ಟಿ ಸೇರಿತು. ವಿಸ್ತೀರ್ಣ 4,801 ಹೆಕ್ಟೇರ್. ನದಿಗೆ ದೊಡ್ಡ ಅಣೆಕಟ್ಟಿಲ್ಲ. ಹಾಗಾಗಿ ಘಟ್ಟದ ಸಿಹಿನೀರು ಮತ್ತು ಹೂಳು ಇವತ್ತಿಗೂ ಉಪ್ಪುನೀರಿನ ತನಕ ಬರುತ್ತವೆ. ಇಳಿತದ ಹೊತ್ತಿಗೆ ನೀರಿಂದ ಮೇಲೇಳುವ ಕೆಸರುಬಯಲು ನೋಡೋಕೆ ಖಾಲಿ ಖಾಲಿ. ಆದರೆ ಬಳಚು ಬದುಕೋದು ಅಲ್ಲೇ. ಅದನ್ನು ಹೆಕ್ಕಿ, ಮಾರಿ ಸಂಸಾರ ನಡೆಸುವವರು ನೂರಾರು ಮಂದಿ, ಅವರಲ್ಲಿ ಹೆಂಗಸರೂ ಇದ್ದಾರೆ. ಆ ಬಯಲಲ್ಲಿ ಒತ್ತೊತ್ತಾಗಿ ಗಿಡ ನೆಟ್ಟರೆ ಬೇರು ಹೂಳು ಹಿಡಿಯುತ್ತದೆ, ನೆಲ ಏರುತ್ತದೆ, ಬಳಚಿಗೂ ವಲಸೆ ಹಕ್ಕಿಗೂ ಜಾಗ ಇಲ್ಲ.

ಮತ್ಯಾಕೆ ನೆಡ್ತಾರೆ? ಸುಲಭ ಅಂತ. ರೈಜೋಫೊರಾ ಜಾತಿಯ ಕಾಂಡ್ಲಾ ಬೀಜ ಮರದಲ್ಲೇ ಮೊಳೆತು ಕೋಲಿನಂತೆ ಉದ್ದವಾಗುತ್ತದೆ. ಕೆಸರಿಗೆ ಚುಚ್ಚಿದರಾಯ್ತು, ಲೆಕ್ಕ ಸಿಕ್ಕಿತು. ಕಾನೂನೂ ಲೆಕ್ಕವನ್ನೇ ಕೇಳುತ್ತದೆ. 2019ರ ಸಿಆರ್‌ಜೆಡ್ ಅಧಿಸೂಚನೆ ಪ್ರಕಾರ ಯೋಜನೆಗೆ ಕಾಂಡ್ಲಾವನ ಬಲಿಯಾದರೆ ಕನಿಷ್ಠ ಮೂರು ಪಟ್ಟು ಜಾಗದಲ್ಲಿ ನೆಡಬೇಕು. ತಮಾಷೆ ಅಂದರೆ, ಜೀವಂತ ಕೆಸರುಬಯಲನ್ನೂ ಅದೇ ಅಧಿಸೂಚನೆ ಕಾಂಡ್ಲಾದ ಜೊತೆಗೇ ಅತಿ ಸೂಕ್ಷ್ಮ ವಲಯದಲ್ಲಿಟ್ಟಿದೆ. ಮೂರು ಪಟ್ಟು ಜಾಗ ಎಲ್ಲಿಂದ ತರ್ತೀರಿ ಸ್ವಾಮಿ?

ನನ್ನ ಪ್ರಕಾರ ಹುಡುಕಬೇಕಾದ್ದು ಗಜನಿಯಲ್ಲಿ. ಮಳೆಗಾಲದಲ್ಲಿ ಅಲ್ಲಿ ಕಗ್ಗ, ಅಂದರೆ ಉಪ್ಪು ತಾಳುವ ಭತ್ತ. ಕೊಯ್ಲಾದ ಮೇಲೆ ತೂಬು ತೆರೆದರೆ ಉಬ್ಬರದ ಜೊತೆ ಮೀನು, ಸಿಗಡಿ ಒಳಗೆ ಬರುತ್ತಿದ್ದವು. ಆಮೇಲೆ ಬಂದದ್ದು ಸಿಗಡಿ ಕೃಷಿಯ ಹುಚ್ಚು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಿಆರ್‌ಜೆಡ್ ಒಳಗಿನ ವಾಣಿಜ್ಯ ಸಿಗಡಿ ಹೊಂಡಗಳಿಗೆ ತಡೆ ಹಾಕಿತು. 2005ರಲ್ಲಿ ಸಂಸತ್ತು ಕಾಯ್ದೆ ತಂದು ಮತ್ತೆ ದಾರಿ ಬಿಟ್ಟಿತು.

ಪಾಳುಬಿದ್ದ ಹೊಂಡದ ಕಟ್ಟೆ ಸರಿಯಾದ ಕಡೆ ಒಡೆದು ಉಬ್ಬರ ಇಳಿತ ಮೊದಲಿನಂತೆ ಆಡುವಂತೆ ಮಾಡಿದರೆ, ಹತ್ತಿರ ತಾಯಿಮರವಿದ್ದರೆ ಬೀಜ ತೇಲಿಕೊಂಡು ತಾನೇ ಬಂದು ನೆಲೆಯೂರುತ್ತದೆ. ಕಷ್ಟ ಇರುವುದು ಆ ಕಟ್ಟೆ ಯಾರದ್ದು ಅನ್ನುವಲ್ಲಿ. ಗಜನಿಗೆ ಹಲವು ಮಾಲೀಕರು, ಕೆಲವರಿಗೆ ಕಗ್ಗ ಬೇಕು, ಕೆಲವರಿಗೆ ಗುತ್ತಿಗೆಯ ದುಡ್ಡು. ಹಾಗಾಗಿ ನಿಮ್ಮೂರಲ್ಲಿ ಕಾಂಡ್ಲಾ ಯೋಜನೆ ಬಂದರೆ ಗಿಡ ಎಷ್ಟು ಅಂತ ಕೇಳಬೇಡಿ. ನೆಡುವ ಜಾಗದ ಸರ್ವೆ ನಂಬರ್ ಕೇಳಿ, ಅಲ್ಲಿ ಬಳಚು ಹೆಕ್ಕುವವರನ್ನು ಸಭೆಗೆ ಕರೆದಿದ್ದರಾ ಅಂತ ಕೇಳಿ, ಐದು ವರ್ಷದ ನಂತರ ಬದುಕಿದ ಗಿಡ ಎಣಿಸೋದು ಯಾರು ಅಂತ ಬರಹದಲ್ಲಿ ಕೇಳಿ.